ಹ್ಯಾಲೋವೀನ್ ಮುಗಿದ ಮೇಲೆ ಮನೆಯಲ್ಲಿ ಉಳಿಯುವ ಮಿಠಾಯಿ ರಾಶಿ

ಅಕ್ಟೋಬರ್ 31ರ ರಾತ್ರಿ ಎಂಟೂವರೆಗೆ ನಮ್ಮ ನಡುಮನೆಯಲ್ಲಿ ಒಂದು ಹಳೆಯ ಬೆಡ್‌ಶೀಟ್ ಹಾಸುತ್ತೇವೆ. ಮಕ್ಕಳಿಬ್ಬರೂ ತಮ್ಮ ದಿಂಬಿನ ಚೀಲಗಳನ್ನು ತಲೆಕೆಳಗು ಮಾಡಿ ಮಿಠಾಯಿಯನ್ನೆಲ್ಲ ಅದರ ಮೇಲೆ ಸುರಿಯುತ್ತಾರೆ. ಕಳೆದ ವರ್ಷ ಒಂಬತ್ತು ವರ್ಷದ ಮಗಳು ಎಣಿಸಿದಳು: ಅವಳದು 76, ತಮ್ಮನದು 55. ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿದರೆ ಒಂದು ಕಿಲೋ ಏಳುನೂರು ಗ್ರಾಂ. ಮೈಸೂರಿನಿಂದ ಬಂದಿದ್ದ ಅತ್ತೆ ಸೋಫಾದ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದರು. “ನವರಾತ್ರಿಯಲ್ಲಿ ನಾವು ‘ಗೊಂಬೆ ಕೂರಿಸಿದ್ದೀರಾ’ ಎಂದು ಮನೆಮನೆಗೆ ಹೋಗುತ್ತಿದ್ದೆವಲ್ಲ, ಇದೂ ಹಾಗೆಯೇ ಇದೆ. ಆದರೆ ನಮಗೆ ಸಿಗುತ್ತಿದ್ದುದು ಒಂದು ಚಕ್ಕುಲಿ, ಒಂದು ಚೂರು ಕೊಬ್ಬರಿ ಮಿಠಾಯಿ. ಮನೆಗೆ ಬರುವಷ್ಟರಲ್ಲಿ ಕೈ ಖಾಲಿ. ಇಷ್ಟನ್ನು ಯಾರಮ್ಮ ತಿನ್ನುವುದು?” ಎಂದರು.

ಅಮೆರಿಕದಲ್ಲಿ ಮಕ್ಕಳಿರುವ ಮನೆಗಳಲ್ಲಿ ನವೆಂಬರ್ 1ರ ಬೆಳಿಗ್ಗೆ ಏಳುವುದು ಇದೇ ಪ್ರಶ್ನೆ. ಹ್ಯಾಲೋವೀನ್ ದಿನ ಸಂಜೆ ಮಕ್ಕಳು ವೇಷ ಹಾಕಿಕೊಂಡು ನೆರೆಹೊರೆಯ ಬಾಗಿಲು ತಟ್ಟುತ್ತಾರೆ. ಪ್ರತಿ ಮನೆಯವರೂ ಒಂದೆರಡು ಸಣ್ಣ ಚಾಕೊಲೇಟನ್ನೋ ಪೆಪ್ಪರಮೆಂಟನ್ನೋ ಚೀಲಕ್ಕೆ ಹಾಕುತ್ತಾರೆ. ಎರಡು ಗಂಟೆ ಸುತ್ತಿದರೆ ನಲವತ್ತು ಮನೆ ಸುಲಭವಾಗಿ ಆಗುತ್ತದೆ. ಒಂದೊಂದು ಮನೆಯದು ಚಿಕ್ಕ ಕೊಡುಗೆಯೇ. ಎಲ್ಲವೂ ಸೇರಿದಾಗ ಮಾತ್ರ ಒಂದು ಕುಟುಂಬ ಒಂದು ತಿಂಗಳಲ್ಲಿ ತಿನ್ನಬಾರದಷ್ಟು ಸಕ್ಕರೆ ಒಂದೇ ರಾತ್ರಿ ಮನೆಯೊಳಗೆ ಬಂದಿರುತ್ತದೆ.

ಆರು ವರ್ಷ ಈ ರಾಶಿಯನ್ನು ಸಂಭಾಳಿಸಿ ನಾನು ಕಂಡುಕೊಂಡದ್ದು ಇಷ್ಟು: ಏನು ಮಾಡುವುದು ಎಂದು ಯೋಚಿಸುವ ಮೊದಲು ವಿಂಗಡಿಸಬೇಕು, ಅದನ್ನು ಮಕ್ಕಳ ಜೊತೆ ಕುಳಿತೇ ಮಾಡಬೇಕು. ಅದು ಅವರು ಕಾಲು ನೋಯಿಸಿಕೊಂಡು ಸಂಪಾದಿಸಿದ್ದು. ಅವರು ಮಲಗಿದ ಮೇಲೆ ನಾವು ಗುಟ್ಟಾಗಿ ಅರ್ಧ ಎತ್ತಿಟ್ಟರೆ, ಉಳಿದ ಅರ್ಧದ ಬಗ್ಗೆ ನಾವು ಹೇಳುವ ಯಾವ ಮಾತನ್ನೂ ಅವರು ನಂಬುವುದಿಲ್ಲ.

ಮೊದಲು ಸುರಕ್ಷತೆ ನೋಡುತ್ತೇವೆ. ಹೊದಿಕೆ ಹರಿದದ್ದು, ಬಿಚ್ಚಿ ಮತ್ತೆ ಸುತ್ತಿದಂತೆ ಕಾಣುವುದು, ಗುರುತೇ ಸಿಗದ ಹೆಸರಿನದು ನೇರವಾಗಿ ಕಸದ ಬುಟ್ಟಿಗೆ. ಅಪರಿಚಿತರು ಮಿಠಾಯಿಯಲ್ಲಿ ವಿಷ ಬೆರೆಸುತ್ತಾರೆ ಎಂಬ ಸುದ್ದಿ ಪ್ರತಿ ಅಕ್ಟೋಬರ್‌ನಲ್ಲೂ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. ಜೋಯೆಲ್ ಬೆಸ್ಟ್ ಎಂಬ ಸಮಾಜಶಾಸ್ತ್ರಜ್ಞ ಇದನ್ನೇ ದಶಕಗಳ ಕಾಲ ಬೆನ್ನುಹತ್ತಿ, 1958ರಿಂದೀಚಿನ ವರದಿಗಳನ್ನೆಲ್ಲ ಜಾಲಾಡಿದ್ದಾರೆ. ಬಾಗಿಲಿಗೆ ಬಂದ ಮಗುವಿಗೆ ಅಪರಿಚಿತರೊಬ್ಬರು ಹೀಗೆ ವಿಷವಿಟ್ಟು ಕೊಂದ ಒಂದು ಪ್ರಕರಣವೂ ಅವರಿಗೆ ಸಿಕ್ಕಿಲ್ಲ. ಆದ್ದರಿಂದ ಒಮ್ಮೆ ಕಣ್ಣಾಡಿಸಿದರೆ ಸಾಕು, ಹೆದರಬೇಕಿಲ್ಲ.

ನಿಜವಾಗಿ ಎಚ್ಚರ ಬೇಕಾದದ್ದು ಬೇರೆ ಕಡೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಗಟ್ಟಿ ಪೆಪ್ಪರಮೆಂಟು, ಚೂಯಿಂಗ್ ಗಮ್, ಅಂಟಂಟು ಮಿಠಾಯಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಅವು ಅಣ್ಣ ಅಕ್ಕಂದಿರ ಪಾಲಿಗೆ ಹೋಗಲಿ. ಕಡಲೆಕಾಯಿ ಅಲರ್ಜಿ ಇರುವ ಮಗು ಮನೆಯಲ್ಲಿದ್ದರೆ ಕಡಲೆಕಾಯಿ ಹಾಕಿದ ರೀಸಸ್, ಸ್ನಿಕರ್ಸ್ ಚಾಕೊಲೇಟು ಮೊದಲು ಹೊರಗೆ. ಇಲ್ಲೊಂದು ಸೂಕ್ಷ್ಮವಿದೆ. ಚಿಕ್ಕ ಗಾತ್ರದ ಚಾಕೊಲೇಟು ಅದೇ ಹೆಸರಿನ ದೊಡ್ಡದಕ್ಕಿಂತ ಬೇರೆ ಪದಾರ್ಥಗಳಿಂದ ಅಥವಾ ಬೇರೆ ಕಾರ್ಖಾನೆಯಲ್ಲಿ ತಯಾರಾಗಿರಬಹುದು, ಅದರ ಪುಟ್ಟ ಹೊದಿಕೆಯ ಮೇಲೆ ಪಟ್ಟಿಯೇ ಇಲ್ಲದಿರಬಹುದು. ಓದಲು ಆಗದಿದ್ದರೆ ಅಲರ್ಜಿ ಇರುವ ಮಗುವಿಗೆ ಕೊಡಬಾರದು. ನಾಯಿ ಸಾಕಿದವರು ಚೀಲವನ್ನು ನೆಲದ ಮೇಲೆ ಬಿಟ್ಟು ಮಲಗಬಾರದು. ಚಾಕೊಲೇಟಿನಲ್ಲಿರುವ ಥಿಯೋಬ್ರೋಮಿನ್ ನಾಯಿಗೆ ವಿಷ, ಕಪ್ಪು ಚಾಕೊಲೇಟಾದರೆ ಇನ್ನೂ ಅಪಾಯ. ಸಕ್ಕರೆರಹಿತ ಗಮ್‌ನಲ್ಲಿ ಬಳಸುವ ಜೈಲಿಟಾಲ್ ಅದಕ್ಕಿಂತ ಬೇಗ ಪ್ರಾಣಕ್ಕೆ ಎರವಾಗುತ್ತದೆ.

ನಮ್ಮಂಥ ಸಸ್ಯಾಹಾರಿ ಮನೆಗಳಲ್ಲಿ ಮತ್ತೊಂದು ಸುತ್ತಿನ ವಿಂಗಡಣೆ ಇದೆ. ಬಗ್ಗಿ ಬಗ್ಗಿ ಅಕ್ಷರ ಓದಿಸುವ ಈ ಕೆಲಸ ಮಗಳಿಗೆ ಬಹಳ ಇಷ್ಟ. ಜೆಲ್ಲಿಯಂಥ ಮೆತ್ತನೆಯ ಕರಡಿಗಳಲ್ಲಿ, ಮಾರ್ಷ್‌ಮೆಲ್ಲೋಗಳಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುತ್ತದೆ. ಹಂದಿ ಅಥವಾ ದನದ ಚರ್ಮ, ಮೂಳೆಗಳನ್ನು ಬೇಯಿಸಿ ತೆಗೆಯುವ ಪದಾರ್ಥವದು. ಅಮೆರಿಕದ ಸ್ಟಾರ್‌ಬರ್ಸ್ಟ್‌ನಲ್ಲಿ ಜೆಲಟಿನ್ ಇದೆ, ಸ್ಕಿಟಲ್ಸ್ ಎಂಬ ಬಣ್ಣದ ಗುಂಡು ಮಿಠಾಯಿಯಲ್ಲಿ ಈಗ ಇಲ್ಲ. ಹಳದಿ, ಕಿತ್ತಳೆ, ಬಿಳಿ ಪಟ್ಟೆಯ ಕ್ಯಾಂಡಿ ಕಾರ್ನ್ ಬರೀ ಸಕ್ಕರೆಯಂತೆ ಕಂಡರೂ ಅದರಲ್ಲೂ ಜೆಲಟಿನ್ ಇರುತ್ತದೆ. ಹೊದಿಕೆಯ ಮೇಲೆ ‘ಕನ್ಫೆಕ್ಷನರ್ಸ್ ಗ್ಲೇಜ್’ ಎಂದು ಕಂಡರೆ ಅದು ಅರಗಿನ ಹುಳು ಸ್ರವಿಸುವ ಅಂಟಿನಿಂದ ಮಾಡಿದ ಹೊಳಪು. ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣ ಕೂರಿಸಿ ಮಿನುಗಿಸುವ ಅದೇ ಅರಗು! ಇದನ್ನು ಕೇಳಿ ಅತ್ತೆ ಕನ್ನಡಕ ತಂದು ತಾವೂ ಕೆಳಗೆ ಕುಳಿತರು. ‘ಕಾರ್ಮೈನ್’ ಎಂದಿದ್ದರೆ ಅದು ಒಂದು ಬಗೆಯ ಕೀಟದಿಂದ ತೆಗೆದ ಕೆಂಪು ಬಣ್ಣ. ಅರಗು ನಡೆಯುತ್ತದೆ, ಜೆಲಟಿನ್ ಬೇಡ ಎನ್ನುವ ಮನೆಗಳುಂಟು, ಎರಡೂ ಬೇಡ ಎನ್ನುವವರೂ ಇದ್ದಾರೆ. ಆ ಗೆರೆಯನ್ನು ಆಯಾ ಮನೆಯವರೇ ಎಳೆದುಕೊಳ್ಳಬೇಕು, ಮಕ್ಕಳಿಗೆ ಕಾರಣ ಹೇಳಿ ಎಳೆದರೆ ಒಳ್ಳೆಯದು. ಕಳೆದ ವರ್ಷ ನಮ್ಮ ರಾಶಿಯಿಂದ ಈ ಸುತ್ತಿನಲ್ಲಿಯೇ 29 ಹೊರಗೆ ಹೋದವು.

ಇನ್ನು ತಿನ್ನುವ ಮಾತು. ಎರಡರಿಂದ ಹದಿನೆಂಟು ವರ್ಷದವರೆಗಿನವರು ದಿನಕ್ಕೆ 25 ಗ್ರಾಂಗಿಂತ ಕಡಿಮೆ, ಎಂದರೆ ಆರು ಟೀ ಚಮಚದೊಳಗೆ, ಸೇರಿಸಿದ ಸಕ್ಕರೆ ತಿನ್ನಬೇಕು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2016ರಲ್ಲಿ ಹೇಳಿತು. ಎರಡು ವರ್ಷದೊಳಗಿನ ಮಕ್ಕಳಿಗೆ ಅದು ಬೇಡವೇ ಬೇಡ. ಹ್ಯಾಲೋವೀನ್‌ನಲ್ಲಿ ಹಂಚುವ ಪುಟ್ಟ ಚಾಕೊಲೇಟು ಒಂದರಲ್ಲಿ ಸುಮಾರು ಎಂಟು ಗ್ರಾಂ ಸಕ್ಕರೆ ಇರುತ್ತದೆ. ಮೂರು ತಿಂದರೆ ಆ ದಿನದ ಲೆಕ್ಕ ಮುಗಿಯಿತು, ಬೆಳಿಗ್ಗೆಯ ಸೀರಿಯಲ್, ಸಕ್ಕರೆ ಹಾಕಿದ ಜ್ಯೂಸ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಹಲ್ಲಿನ ಲೆಕ್ಕ ಮಾತ್ರ ಬೇರೆ. ಅದು ನನ್ನ ಯೋಚನೆಯನ್ನೇ ಬದಲಿಸಿತು. ಬಾಯಲ್ಲಿರುವ ಸ್ಟ್ರೆಪ್ಟೊಕಾಕಸ್ ಮ್ಯೂಟಾನ್ಸ್‌ನಂಥ ಬ್ಯಾಕ್ಟೀರಿಯಾಗಳು ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಆಮ್ಲ ಹೆಚ್ಚಿದಷ್ಟೂ ಪಿಎಚ್ ಎಂಬ ಅಳತೆ ಇಳಿಯುತ್ತದೆ. ಹಲ್ಲಿನ ಮೇಲ್ಮೈಯಲ್ಲಿ ಅದು ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಕವಚವಾದ ಎನಾಮಲ್‌ನಿಂದ ಖನಿಜ ಕರಗತೊಡಗುತ್ತದೆ. ಬಾಯಲ್ಲಿ ಊರುವ ಜೊಲ್ಲು ಆ ಆಮ್ಲವನ್ನು ತೊಳೆದು ಮತ್ತೆ ಮೊದಲಿನ ಸ್ಥಿತಿಗೆ ತರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಊಟವಾದ ಮೇಲೆ ಒಂದೇ ಸಲ ಮೂರು ಚಾಕೊಲೇಟು ತಿಂದರೆ ಹಲ್ಲಿನ ಮೇಲೆ ಆಮ್ಲದ ಒಂದು ದಾಳಿ. ಅದೇ ಮೂರನ್ನು ಮೂರು ಗಂಟೆಗೊಂದು, ನಾಲ್ಕಕ್ಕೊಂದು, ಐದಕ್ಕೊಂದು ಎಂದು ಕೊಟ್ಟರೆ ಮೂರು ದಾಳಿ, ಮಧ್ಯಾಹ್ನವೆಲ್ಲ ಹಲ್ಲಿಗೆ ವಿರಾಮವೇ ಇಲ್ಲ. “ಒಂದೊಂದೇ ತಿನ್ನು ಕಂದ” ಎಂದು ನಾವು ಪ್ರೀತಿಯಿಂದ ಹೇಳುವ ಮಾತು ಹುಳುಕಿಗೆ ದಾರಿ ಮಾಡಿಕೊಡುತ್ತದೆ. ಊಟದ ಹೊತ್ತಿನಲ್ಲಿ ಜೊಲ್ಲು ಹೆಚ್ಚು ಊರುತ್ತದೆ, ಆದ್ದರಿಂದ ಊಟದ ಬೆನ್ನಿಗೇ ಸಿಹಿ ತಿಂದು ಮೇಲೆ ನೀರು ಕುಡಿಯುವುದು ಎಲ್ಲಕ್ಕಿಂತ ಮೇಲು.

ಯಾವುದನ್ನು ತಿನ್ನುತ್ತೇವೆ ಎನ್ನುವುದೂ ಮುಖ್ಯ. ಸಾದಾ ಚಾಕೊಲೇಟು ಬೇಗ ಕರಗಿ ಹೋಗುತ್ತದೆ. ಕ್ಯಾರಮೆಲ್, ಟೂಟ್ಸಿ ರೋಲ್, ಜೆಲ್ಲಿ ಮಿಠಾಯಿ ದವಡೆ ಹಲ್ಲಿನ ಕುಳಿಗಳಲ್ಲಿ ಅಂಟಿ ಕೂರುತ್ತವೆ. ಲಾಲಿಪಪ್ ಚೀಪುತ್ತಿರುವಷ್ಟು ಹೊತ್ತೂ ಬಾಯಲ್ಲಿ ಸಕ್ಕರೆ ಇದ್ದೇ ಇರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಹುಳಿ ಪುಡಿ ಹಚ್ಚಿದ ಮಿಠಾಯಿ. ಅದು ಸಕ್ಕರೆಯ ಜೊತೆಗೆ ಆಮ್ಲವನ್ನೂ ತಾನೇ ಹೊತ್ತು ತರುತ್ತದೆ. ಅದನ್ನು ತಿಂದ ಕೂಡಲೇ ಹಲ್ಲುಜ್ಜಿದರೆ ಮೆತ್ತಗಾದ ಎನಾಮಲ್ ಸವೆಯುತ್ತದೆ. ಮೊದಲು ಬಾಯಿ ಮುಕ್ಕಳಿಸಿ, ಅರ್ಧ ಗಂಟೆಯಾದರೂ ಬಿಟ್ಟು ಉಜ್ಜಬೇಕು.

ಹಾಗಾದರೆ ಬಚ್ಚಿಡುವುದೇ? ಮಗಳಿಗೆ ಐದು ತುಂಬಿದ ವರ್ಷ ನಾನು ಅದನ್ನೇ ಮಾಡಿದೆ. ಚೀಲವನ್ನು ಫ್ರಿಜ್ಜಿನ ಮೇಲಿನ ಕಪಾಟಿಗೆ ಏರಿಸಿ ದಿನಕ್ಕೆ ಒಂದು ಎಂದು ಕಟ್ಟಪ್ಪಣೆ ಹಾಕಿದೆ. ಎರಡು ವಾರದ ಮೇಲೆ ಅವಳ ಮಂಚದ ಹಿಂದೆ ಗೋಡೆಗೆ ಒತ್ತಿದಂತೆ ಹನ್ನೊಂದು ಖಾಲಿ ಹೊದಿಕೆಗಳು ಸಿಕ್ಕವು. ಒಂದೊಂದನ್ನೂ ಅವಳು ಸಣ್ಣಗೆ, ನೀಟಾಗಿ ಮಡಿಸಿಟ್ಟಿದ್ದಳು. ಆ ಮಡಿಕೆಗಳನ್ನು ನೋಡಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಮಗು ತಿಂದದ್ದಕ್ಕಲ್ಲ, ನನಗೆ ಹೆದರಿ ಒಬ್ಬಳೇ ಕತ್ತಲಲ್ಲಿ ತಿಂದದ್ದಕ್ಕೆ.

ಇದು ನಮ್ಮ ಮನೆಯ ಕಥೆ ಮಾತ್ರವಲ್ಲ. ಜೆನಿಫರ್ ಫಿಶರ್, ಲೀಆನ್ ಬರ್ಚ್ ಎಂಬ ಸಂಶೋಧಕಿಯರು 1999ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಚಿಕ್ಕ ಮಕ್ಕಳ ಮುಂದೆ ಒಂದು ತಿಂಡಿಯನ್ನು ಕಾಣುವಂತೆ ಇಟ್ಟು, ಅದನ್ನು ತಿನ್ನಲು ಸ್ವಲ್ಪ ಹೊತ್ತು ಮಾತ್ರ ಅವಕಾಶ ಕೊಟ್ಟರು. ನಿರ್ಬಂಧ ಹಾಕಿದ ತಿಂಡಿಯ ಬಗ್ಗೆಯೇ ಮಕ್ಕಳು ಹೆಚ್ಚು ಮಾತಾಡಿದರು, ಅದನ್ನೇ ಹೆಚ್ಚು ಕೇಳಿದರು. ಎಲಿನ್ ಸ್ಯಾಟರ್ ಎಂಬ ಅಮೆರಿಕದ ಆಹಾರತಜ್ಞೆ ಹ್ಯಾಲೋವೀನ್ ಮಿಠಾಯಿಗೆ ಕೊಡುವ ಸಲಹೆ ಇದಕ್ಕೆ ಹೊಂದುತ್ತದೆ: ಆ ರಾತ್ರಿ ಮತ್ತು ಮರುದಿನ ಮಗು ಬೇಕಾದಷ್ಟು ತಿನ್ನಲಿ, ಆಮೇಲೆ ಡಬ್ಬಿ ಒಳಗೆ ಹೋಗಲಿ, ಊಟದ ಹೊತ್ತಿಗೆ ಒಂದೆರಡು, ತಿಂಡಿಯ ಹೊತ್ತಿಗೆ ಬೇಕಾದಷ್ಟು ಹೊರಗೆ ಬರಲಿ. ಈ ನಿಯಮ ಪಾಲಿಸಲು ಮಗುವಿಗೆ ಆಗುವಷ್ಟು ದಿನ ಡಬ್ಬಿಯ ಯಜಮಾನಿಕೆ ಮಗುವಿನದೇ. ಮೊದಲ ವರ್ಷ ಇದನ್ನು ಅನುಸರಿಸುವಾಗ ನನ್ನ ಎದೆ ಡವಗುಟ್ಟುತ್ತಿತ್ತು. ಮಗ ಮೊದಲ ರಾತ್ರಿ ಹನ್ನೆರಡು ತಿಂದ. ಮರುದಿನ ನಾಲ್ಕು. ನಾಲ್ಕನೆಯ ದಿನಕ್ಕೆ ಡಬ್ಬಿಯ ನೆನಪು ನಾನೇ ಮಾಡಿಕೊಡಬೇಕಾಯಿತು. ಸಕ್ಕರೆ ತಿಂದ ಮಕ್ಕಳು ತಲೆ ಕೆಟ್ಟಂತೆ ಕುಣಿಯುತ್ತಾರೆ ಎಂಬ ಭಯವೂ ಬೇಡ. 1995ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್‌ನ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯೊಂದು ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿ, ಸಕ್ಕರೆಯಿಂದ ಮಕ್ಕಳ ವರ್ತನೆ ಬದಲಾಗುವುದಿಲ್ಲ ಎಂದಿತು. ಹ್ಯಾಲೋವೀನ್ ರಾತ್ರಿ ಮಕ್ಕಳು ಕುಣಿಯುವುದು ಹಬ್ಬದ ಸಡಗರಕ್ಕೆ.

ಕೆಲವು ಮನೆಗಳಲ್ಲಿ ಮಗು ಮಿಠಾಯಿಯನ್ನು ಬಾಗಿಲಲ್ಲಿಟ್ಟು ಮಲಗಿದರೆ ರಾತ್ರಿ ಮಾಟಗಾತಿ ಬಂದು ಅದನ್ನು ಒಯ್ದು ಆಟಿಕೆ ಇಟ್ಟು ಹೋಗುತ್ತಾಳೆ. ಅಲರ್ಜಿ ಇರುವ ಮಕ್ಕಳಿಗೆ ಇದು ದೊಡ್ಡ ಸಮಾಧಾನ. ಉಳಿದವರಿಗೆ ಸುಳ್ಳಿನ ಕಥೆಗಿಂತ ನೇರ ವ್ಯಾಪಾರವೇ ಮೇಲೆಂದು ನನ್ನ ಅಭಿಪ್ರಾಯ. ನಾವು ಇಪ್ಪತ್ತಕ್ಕೆ ಒಂದು ಹೊಸ ಪುಸ್ತಕ ಎಂದು ದರ ಕಟ್ಟಿದ್ದೇವೆ. ಐದು ವರ್ಷದ ಮಗ ಅದಕ್ಕಾಗಿ ತನಗೆ ಬೇಡದ್ದನ್ನು ಒಂದು, ಎರಡು, ಮೂರು ಎಂದು ಕನ್ನಡದಲ್ಲಿ ಎಣಿಸಿ ಸಾಲಾಗಿ ಇಡುತ್ತಾನೆ. ಹತ್ತೊಂಬತ್ತರ ಹತ್ತಿರ ಬಂದಾಗ ಪ್ರತಿ ಸಲವೂ ತಡವರಿಸಿ ಅಜ್ಜಿಯ ಮುಖ ನೋಡುತ್ತಾನೆ.

ಕೊಟ್ಟುಬಿಡುವ ದಾರಿಗಳೂ ಇವೆ. ಅಮೆರಿಕದ ಹಲವು ದಂತವೈದ್ಯರು ನವೆಂಬರ್ ಮೊದಲ ವಾರದಲ್ಲಿ ಮಕ್ಕಳಿಂದ ಮಿಠಾಯಿ ಕೊಳ್ಳುತ್ತಾರೆ, ಸಾಮಾನ್ಯವಾಗಿ ಪೌಂಡಿಗೆ ಒಂದು ಡಾಲರ್. ಹಾಗೆ ಸೇರಿದ್ದು ಬಹುಪಾಲು ಸೈನಿಕರಿಗೆ ಹೋಗುತ್ತದೆ. 2003ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಆಪರೇಷನ್ ಗ್ರ್ಯಾಟಿಟ್ಯೂಡ್ ಎಂಬ ಸಂಸ್ಥೆ ಮತ್ತು ಸೋಲ್ಜರ್ಸ್ ಏಂಜಲ್ಸ್‌ನಂಥವು ಇಂಥ ಸಿಹಿಯನ್ನು ಸೈನಿಕರಿಗೆ ಕಳಿಸುವ ಪೆಟ್ಟಿಗೆಗಳಿಗೆ ಸೇರಿಸುತ್ತವೆ. ಮಕ್ಕಳ ಕೈಯಿಂದ ಒಂದು ಸಣ್ಣ ಪತ್ರ ಬರೆಸಿ ಜೊತೆಗಿಡಬಹುದು. ಇಲ್ಲದವರಿಗೆ ಆಹಾರ ಹಂಚುವ ಫುಡ್ ಬ್ಯಾಂಕ್‌ಗಳಿಗೆ ಕೊಡುವ ಮುನ್ನ ಫೋನ್ ಮಾಡಿ ಕೇಳಬೇಕು, ಎಲ್ಲರೂ ಮಿಠಾಯಿ ತೆಗೆದುಕೊಳ್ಳುವುದಿಲ್ಲ. ನಮ್ಮ ಮಗುವಿನ ಹಲ್ಲಿಗೆ ಆಗದ್ದನ್ನು ಬಡವರ ಮಗುವಿನ ಹಲ್ಲಿಗೆ ದಾಟಿಸುವುದು ದಾನವಲ್ಲ ಎಂಬುದು ನನ್ನ ಮನಸ್ಸಿನಲ್ಲಿ ಯಾವಾಗಲೂ ಇದೆ. ದೊಡ್ಡವರು ತಿನ್ನುವಲ್ಲಿಗೆ, ನೂರಾರು ಜನರ ನಡುವೆ ಹಂಚಿಹೋಗುವಲ್ಲಿಗೆ ಕಳಿಸಿದರೆ ಒಬ್ಬೊಬ್ಬರಿಗೆ ಒಂದೊಂದು ಸಿಕ್ಕಿ ಅದು ನಿಜಕ್ಕೂ ಸಿಹಿಯಾಗುತ್ತದೆ. ನವೆಂಬರ್ 1 ಕನ್ನಡ ರಾಜ್ಯೋತ್ಸವವೂ ಹೌದು. ಅದರ ಹಿಂದುಮುಂದಿನ ಶನಿವಾರ ಭಾನುವಾರಗಳಲ್ಲಿ ಇಲ್ಲಿನ ಕನ್ನಡ ಕೂಟಗಳ ಸಮಾರಂಭ ಇರುವುದರಿಂದ ಕಾಫಿ ಮೇಜಿನ ಮೇಲೊಂದು ಬುಟ್ಟಿ ಇಟ್ಟರೆ ಸಂಜೆಗೆ ಖಾಲಿ.

ತಿನ್ನದೆ, ಕೊಡದೆ ಮೇಜಿನ ಮೇಲೆ ಬಳಸುವ ಕೆಲಸಗಳೇ ಮಕ್ಕಳಿಗೆ ಹೆಚ್ಚು ಇಷ್ಟ. ಬಿಳಿಯ ತಟ್ಟೆಯ ಅಂಚಿಗೆ ಸ್ಕಿಟಲ್ಸ್‌ಗಳನ್ನು ಕೆಂಪು, ಹಳದಿ, ಹಸಿರು, ನೇರಳೆ ಎಂದು ವೃತ್ತವಾಗಿ ಜೋಡಿಸಿ, ನಡುವೆ ಉಗುರುಬೆಚ್ಚಗಿನ ನೀರನ್ನು ನಿಧಾನವಾಗಿ ಸುರಿಯಿರಿ. ತಟ್ಟೆ ಅಲುಗಬಾರದು. ಅರ್ಧ ನಿಮಿಷದಲ್ಲಿ ಪ್ರತಿಯೊಂದರಿಂದಲೂ ಬಣ್ಣದ ನಾಲಿಗೆ ಹೊರಟು ತಟ್ಟೆಯ ನಡುವಿಗೆ ಹರಿಯುತ್ತದೆ. ಪಕ್ಕಪಕ್ಕದ ಬಣ್ಣಗಳು ಮುಟ್ಟುತ್ತವೆ, ಆದರೆ ಬೆರೆಯುವುದಿಲ್ಲ, ನಡುವೆ ಚಾಕುವಿನಲ್ಲಿ ಕೊಯ್ದಂತೆ ಗೆರೆ ನಿಲ್ಲುತ್ತದೆ. ಎಲ್ಲ ಬಣ್ಣದ ಸುತ್ತಲೂ ಸಕ್ಕರೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕರಗಿರುವುದರಿಂದ ಒಂದು ಇನ್ನೊಂದರೊಳಗೆ ಬೇಗ ನುಗ್ಗುವುದಿಲ್ಲ. ಎಂ ಆ್ಯಂಡ್ ಎಂ ಎಂಬ ಬಣ್ಣದ ಗುಂಡು ಚಾಕೊಲೇಟನ್ನು ಅದಕ್ಕೆ ಅಚ್ಚು ಹಾಕಿದ ಅಕ್ಷರ ಮೇಲೆ ಬರುವಂತೆ ನೀರಲ್ಲಿಟ್ಟರೆ, ಬಣ್ಣ ಕರಗಿ ಬಿಳಿಯ ಅಕ್ಷರ ಮಾತ್ರ ಎದ್ದು ತೇಲುತ್ತದೆ, ಅದನ್ನು ಅಚ್ಚು ಹಾಕಿದ ಶಾಯಿ ನೀರಿನಲ್ಲಿ ಕರಗುವುದಿಲ್ಲ. ಹುಳಿ ಮಿಠಾಯಿಯನ್ನು ನೀರಲ್ಲಿ ಕರಗಿಸಿ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ ನೋಡಿ. ಬುಸ್ಸೆಂದು ನೊರೆ ಉಕ್ಕುತ್ತದೆ. “ಇದೇ ಆಮ್ಲ ನನ್ನ ಹಲ್ಲಿನ ಮೇಲೂ ಇರುತ್ತದಾ?” ಎಂದು ಮಗಳು ಕೇಳಿದ್ದು ಆ ಲೋಟದ ಮುಂದೆ. ಹಲ್ಲಿನ ಬಗ್ಗೆ ನಾನು ಹೇಳಿದ ಮಾತುಗಳಿಗಿಂತ ಆ ನೊರೆ ಹೆಚ್ಚು ಕೆಲಸ ಮಾಡಿತು.

ಇಷ್ಟಾದ ಮೇಲೂ ಉಳಿದದ್ದನ್ನು ಕೆಡದಂತೆ ಇಡಬಹುದು. ಗಟ್ಟಿ ಪೆಪ್ಪರಮೆಂಟು ಒಣ ಜಾಗದಲ್ಲಿ ಒಂದು ವರ್ಷದವರೆಗೂ ಚೆನ್ನಾಗಿರುತ್ತದೆ. ಕಪ್ಪು ಚಾಕೊಲೇಟು ಒಂದು ವರ್ಷ ದಾಟುತ್ತದೆ, ಹಾಲಿನ ಚಾಕೊಲೇಟು ಎಂಟು ಹತ್ತು ತಿಂಗಳು. ಕಡಲೆಕಾಯಿ, ಬಾದಾಮಿ ಇರುವವು ಬೇಗ ಮುಗ್ಗಲು ವಾಸನೆ ಹಿಡಿಯುತ್ತವೆ, ಅವನ್ನು ಮೊದಲು ಮುಗಿಸಿ. ಹಳೆಯ ಚಾಕೊಲೇಟಿನ ಮೇಲೆ ಬೂದು ಬಿಳಿ ಪೊರೆ ಕಂಡು ಬೂಸ್ಟು ಹಿಡಿದಿದೆ ಎಂದು ಅತ್ತೆ ಅರ್ಧ ಡಬ್ಬಿ ಎಸೆಯಲು ಹೊರಟಿದ್ದರು. ಅದು ಬೂಸ್ಟಲ್ಲ. ಸೆಕೆಗೆ ಮೆತ್ತಗಾದ ಕೊಕೊ ಬೆಣ್ಣೆ ಮೇಲಕ್ಕೆ ಬಂದು ಮತ್ತೆ ಗಟ್ಟಿಯಾದರೆ ಹಾಗೆ ಕಾಣುತ್ತದೆ. ತೇವ ತಗಲಿ ಸಕ್ಕರೆ ಕರಗಿ ಮತ್ತೆ ಹರಳುಗಟ್ಟಿದರೂ ಹಾಗೆಯೇ. ನೋಟ ಕೆಟ್ಟಿರುತ್ತದೆ, ತಿನ್ನಲು ತೊಂದರೆಯಿಲ್ಲ. ಫ್ರೀಜರ್‌ನಲ್ಲಿಡುವಾಗ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಹೊರತೆಗೆದಾಗ ಮೊದಲು ಫ್ರಿಜ್ಜಿಗೆ, ಆಮೇಲೆ ಹೊರಗೆ ಬರಲಿ. ಪೂರ್ತಿ ಹೊರಗಿನ ಬಿಸಿಗೆ ಬರುವವರೆಗೆ ಮುಚ್ಚಳ ತೆಗೆಯಬೇಡಿ, ಆಗ ನೀರಿನ ಹನಿ ಕೂರುವುದಿಲ್ಲ.

ಸಂಕ್ರಾಂತಿಯಲ್ಲಿ ಎಳ್ಳು ಬೀರಿದವರ ಮನೆಯಿಂದ ಬಂದ ಸಕ್ಕರೆ ಅಚ್ಚು ಉಳಿದರೆ ಅತ್ತೆ ಅದನ್ನು ಕುಟ್ಟಿ ವಾರಗಟ್ಟಲೆ ಕಾಫಿಗೆ ಹಾಕುತ್ತಿದ್ದರಂತೆ. ಚಾಕೊಲೇಟಿಗೂ ಅವರು ಅದೇ ಉಪಾಯ ಹೂಡಿದರು. ಬಿಸಿ ಹಾಲಿಗೆ ಎರಡು ತುಂಡು ಹಾಕಿ, ಬೇರೆ ಸಕ್ಕರೆ ಹಾಕದೆ ಕಡೆದು ಮಕ್ಕಳಿಗೆ ಕೊಟ್ಟರು. ಸಾದಾ ಚಾಕೊಲೇಟನ್ನು ಕುದಿಯುವ ನೀರಿನ ಪಾತ್ರೆಯ ಮೇಲಿಟ್ಟ ಬಟ್ಟಲಲ್ಲಿ ಕರಗಿಸಿ ಕೊಬ್ಬರಿ ಮಿಠಾಯಿಯ ಮೇಲೆ ತೆಳುವಾಗಿ ಸವರಿದರು. ಕರಗಿಸುವಾಗ ಒಂದು ಹನಿ ನೀರು ಬಿದ್ದರೂ ಅದು ಗಂಟುಗಂಟಾಗಿ ಕೆಡುತ್ತದೆ, ಬಟ್ಟಲು, ಚಮಚ ಒರೆಸಿ ಒಣಗಿರಬೇಕು. ಕುಕೀ, ಕೇಕ್‌ಗೆ ಚಾಕೊಲೇಟು ಕತ್ತರಿಸಿ ಹಾಕುವವರು ಹಿಟ್ಟಿನ ಸಕ್ಕರೆಯನ್ನು ಅಷ್ಟು ಕಡಿಮೆ ಮಾಡಬೇಕು. ಅಡುಗೆಯಾದ ಮಾತ್ರಕ್ಕೆ ಸಕ್ಕರೆ ಎಲ್ಲಿಗೂ ಹೋಗುವುದಿಲ್ಲ.

ನಿಜ ಹೇಳಬೇಕೆಂದರೆ ಹಲವು ಮನೆಗಳಲ್ಲಿ ಉಳಿಯುವ ದೊಡ್ಡ ಪಾಲು ಮಕ್ಕಳ ಚೀಲದ್ದಲ್ಲ, ಹಂಚಲೆಂದು ದೊಡ್ಡವರು ಕೊಂಡು ತಂದದ್ದು. ನಾವೀಗ ಎರಡು ಚೀಲದ ಬದಲು ಒಂದನ್ನೇ ತರುತ್ತೇವೆ. ಇನ್ನೊಂದರ ಜಾಗದಲ್ಲಿ ಪೆನ್ಸಿಲ್, ಸ್ಟಿಕ್ಕರ್, ಕತ್ತಲಲ್ಲಿ ಹೊಳೆಯುವ ಬಳೆ ಇಟ್ಟು, ಬಾಗಿಲಲ್ಲಿ ಹಸಿರು ಬೆರೆತ ನೀಲಿ ಬಣ್ಣದ ಕುಂಬಳಕಾಯಿ ಇಡುತ್ತೇವೆ. ಆಹಾರ ಅಲರ್ಜಿ ಇರುವ ಮಕ್ಕಳಿಗೆ ಇಲ್ಲಿ ತಿನ್ನದ ಕೊಡುಗೆ ಸಿಗುತ್ತದೆ ಎಂದು ಆ ಬಣ್ಣದ ಅರ್ಥ. ಟೆನೆಸಿ ರಾಜ್ಯದಲ್ಲಿ ಹುಟ್ಟಿದ ಈ ಪದ್ಧತಿ 2014ರಿಂದ ಅಮೆರಿಕದ ಉದ್ದಗಲ ಹಬ್ಬಿದೆ. ಕಳೆದ ವರ್ಷ ಜೇನುನೊಣದ ವೇಷದ ಪುಟ್ಟ ಹುಡುಗಿಯೊಬ್ಬಳು ಆ ಕುಂಬಳಕಾಯಿಯನ್ನು ಕಂಡು ಅಮ್ಮನ ಕೈ ಬಿಟ್ಟು ಓಡಿಬಂದಳು. ಬುಟ್ಟಿಯಲ್ಲಿ ಬಹಳ ಹೊತ್ತು ಹುಡುಕಿ ಒಂದು ಹಸಿರು ಬಳೆ ಆರಿಸಿಕೊಂಡು, ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಕೈಗೆ ಹಾಕಿಕೊಂಡಳು. ಉಳಿದ ಬಳೆಗಳು ಒಂದು ಡಬ್ಬಿಯಲ್ಲಿವೆ, ಈ ಅಕ್ಟೋಬರ್‌ಗೆ ಬೇಕು.